ನನ್ನ ಬೈಕಿಗೆ ಆಯಿಲ್ ಕೂಲರ್ ಹಾಕಿಸಿದ್ದು

ಸಂಗೀತ ಗೊತ್ತಿಲ್ಲದಿದ್ದರೂ ಕಛೇರಿಯ ಮುಂದಿನ ಸಾಲಿನಲ್ಲಿ ಕುಳಿತು ತಲೆಯಾಡಿಸುವವರು ಇರುತ್ತಾರಲ್ಲ, ಯಂತ್ರಗಳ ವಿಷಯದಲ್ಲಿ ನಾನು ಅಂಥವನು. ಓದಿದ್ದು ಬಿ.ಕಾಂ. ಕೆಲಸ ರಾಜಾಜಿನಗರದ ಒಂದು ವಿಮಾ ಕಚೇರಿಯಲ್ಲಿ. ಸ್ವಂತ ಕೈಯಿಂದ ಬಿಚ್ಚಿ ಮತ್ತೆ ಜೋಡಿಸಿದ ಯಂತ್ರವೆಂದರೆ ಮನೆಯ ಟಾರ್ಚ್ ಒಂದೇ. ಅದರಲ್ಲೂ ಕೊನೆಗೆ ಒಂದು ಸ್ಪ್ರಿಂಗ್ ಮಿಕ್ಕಿತ್ತು. ಆದರೂ ರಸ್ತೆ ಬದಿಯಲ್ಲಿ ಯಾರದಾದರೂ ಗಾಡಿ ಕೆಟ್ಟು ನಿಂತಿದ್ದರೆ ನನ್ನ ಕಾಲು ಮುಂದಕ್ಕೆ ಹೋಗುವುದಿಲ್ಲ. ನಿಲ್ಲುತ್ತೇನೆ, ಸೊಂಟದ ಮೇಲೆ ಕೈಯಿಟ್ಟುಕೊಳ್ಳುತ್ತೇನೆ, ಗಾಡಿಗೆ ಒಂದು ಪ್ರದಕ್ಷಿಣೆ ಹಾಕುತ್ತೇನೆ, ಆಮೇಲೆ ಬಹಳ ಗಂಭೀರವಾಗಿ "ಪೆಟ್ರೋಲ್ ಇದೆಯಾ ಸಾರ್?" ಎಂದು ಕೇಳುತ್ತೇನೆ. ಇದೆ ಎಂದರೆ ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಆದರೆ ತಕ್ಷಣ ಹೊರಟರೆ ಮರ್ಯಾದೆಯಲ್ಲವಲ್ಲ, ಅದಕ್ಕೆ ಇನ್ನೂ ಸ್ವಲ್ಪ ಹೊತ್ತು ನಿಂತು, "ಪ್ಲಗ್ ಇರ್ಬೇಕು" ಎಂದು ತೀರ್ಪು ಕೊಟ್ಟು ಹೊರಡುತ್ತೇನೆ. ಈ ಊರಿನಲ್ಲಿ ನನ್ನಂಥವರು ಬೇಕಾದಷ್ಟು ಜನ ಇದ್ದೇವೆ. ನಮ್ಮಿಂದ ಇದುವರೆಗೆ ಒಂದು ಗಾಡಿಯೂ ರಿಪೇರಿಯಾಗಿಲ್ಲ. ಆದರೆ ಯಾವ ಗಾಡಿಯೂ ಒಂಟಿಯಾಗಿ ಕೆಟ್ಟು ನಿಂತಿಲ್ಲ.

ಇಂಥವನ ಕೈಯಲ್ಲಿ ಒಂದು ಹಳೆಯ ಮೋಟರ್‌ಸೈಕಲ್ ಇದೆ. ಮದುವೆಯಾದ ಹೊಸದರಲ್ಲಿ ಕೊಂಡದ್ದು. ಭಾರಿ ಗಾಡಿ, ಗಂಭೀರವಾದ ಸದ್ದು. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಅದು ಬಂದರೆ ಎರಡು ಮನೆ ಆಚೆಯ ನಾಯಿ ಎದ್ದು ಜಾಗ ಬದಲಿಸಿ ಮಲಗುತ್ತದೆ. ಇದರ ಇಂಜಿನ್ ಗಾಳಿಯಿಂದ ತಣಿಯುವಂಥದ್ದು. ಕಾರಿನಲ್ಲಿರುವ ಹಾಗೆ ನೀರು, ರೇಡಿಯೇಟರ್ ಯಾವುದೂ ಇಲ್ಲ. ಇಂಜಿನ್ನಿನ ಮೈಸುತ್ತ ತಟ್ಟೆ ಜೋಡಿಸಿಟ್ಟ ಹಾಗೆ ಲೋಹದ ರೆಕ್ಕೆಗಳಿವೆ. ಗಾಡಿ ಓಡುವಾಗ ಅವುಗಳ ಸಂದಿಯಲ್ಲಿ ಗಾಳಿ ನುಗ್ಗಬೇಕು, ಇಂಜಿನ್ ತಣ್ಣಗಾಗಬೇಕು. ಇದನ್ನು ಕಂಡುಹಿಡಿದ ಪುಣ್ಯಾತ್ಮ ಗಾಡಿ ಎಂದರೆ ಓಡುತ್ತದೆ ಎಂದೇ ನಂಬಿದ್ದ. ಸಾಯಂಕಾಲ ಆರು ಗಂಟೆಗೆ ಮಾಗಡಿ ರೋಡಿನಲ್ಲಿ ಗಾಡಿಗಳೆಲ್ಲ ನಿಂತುಕೊಂಡೇ ಊರು ಸೇರುತ್ತವೆ ಎಂಬುದು ಆತನಿಗೆ ಹೇಗೆ ತಿಳಿಯಬೇಕು! ಹೀಗಾಗಿ ನನ್ನ ಗಾಡಿಗೆ ಟ್ರಾಫಿಕ್ಕಿನಲ್ಲಿ ಜ್ವರ ಬರತೊಡಗಿತು. ಮೊದಲು ಕಾಲಿಗೆ ಬಿಸಿ, ಆಮೇಲೆ ಇಂಜಿನ್ನಿನೊಳಗೆ ಯಾರೋ ಕಡಲೆಕಾಯಿ ಒಡೆಯುತ್ತಿರುವಂಥ ಸದ್ದು, ಆಮೇಲೆ ಮೌನ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು.

ನನ್ನೊಬ್ಬನಿಗೇ ಆದರೆ ಆ ಅರ್ಧ ಗಂಟೆ ಕಷ್ಟವಲ್ಲ. ಎಲ್ಲೋ ಒಂದು ಕಡೆ ನಿಂತು ಕಾಫಿ ಕುಡಿದರಾಯಿತು. ಆದರೆ ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಗಿರಿಜಾ ಕೂರುತ್ತಿದ್ದಳು. ಒಂದು ಸಾಯಂಕಾಲ ಆರತಕ್ಷತೆಗೆಂದು ಹೊರಟಿದ್ದೆವು. ಟೋಲ್‌ಗೇಟ್ ಸಿಗ್ನಲ್ಲಿನ ನಟ್ಟನಡುವೆ ಗಾಡಿ ಕೈಕೊಟ್ಟಿತು. ಹಿಂದಿನ ಬಸ್ಸಿನವನು ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ರೇಷ್ಮೆ ಸೀರೆಯುಟ್ಟ ಗಿರಿಜಾ ಇಳಿದಳು, ಉಡುಗೊರೆಯ ಡಬ್ಬ ಕಂಕುಳಲ್ಲಿಟ್ಟುಕೊಂಡಳು, "ರೀ, ನಾನು ಮೆಟ್ರೋದಲ್ಲಿ ಹೋಗ್ತೀನಿ. ನೀವೂ ನಿಮ್ಮ ಗಾಡಿನೂ ಆರಿದ್ಮೇಲೆ ಬನ್ನಿ" ಎಂದು ಹೇಳಿ ಹೊಸಹಳ್ಳಿ ಸ್ಟೇಷನ್ನಿನ ಕಡೆ ನಡೆದೇಬಿಟ್ಟಳು. ನಾನು ತಲುಪುವ ಹೊತ್ತಿಗೆ ಗಂಡು ಹೆಣ್ಣು ಇಬ್ಬರೂ ಊಟಕ್ಕೆ ಹೋಗಿದ್ದರು. ಬರಿಯ ಕುರ್ಚಿಗಳಿಗೆ ಕೈಮುಗಿದು ಬಂದೆ.

ಆ ರಾತ್ರಿ ಗಿರಿಜಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬಹಳ ಸಮಾಧಾನವಾಗಿ ಹೇಳಿದಳು: "ಮುಂದಿನ ತಿಂಗಳು ಕೆಂಗೇರಿ ಉಪನಗರದಲ್ಲಿ ಅಕ್ಕನ ಮನೆ ಗೃಹಪ್ರವೇಶ ಇದೆ. ಅವತ್ತೊಂದಿನ ನಿಮ್ಮ ಗಾಡೀಲಿ ಬರ್ತೀನಿ. ದಾರೀಲಿ ಮತ್ತೆ ನಿಂತ್ರೆ, ಇನ್ನ ಈ ಜನ್ಮದಲ್ಲಿ ನಾನು ಅದರ ಹಿಂದೆ ಕೂರಲ್ಲ. ಇದು ಕೋಪದಲ್ಲಿ ಹೇಳ್ತಿರೋ ಮಾತಲ್ಲ."

ಇದರಲ್ಲಿ ಹೆದರುವುದೇನಿದೆ, ಮೆಟ್ರೋ ಇಲ್ಲವೇ ಎಂದು ನೀವು ಕೇಳಬಹುದು. ಮೆಟ್ರೋ ಇದೆ. ತಂಪಾಗಿಯೂ ಇದೆ. ಆದರೆ ಅಲ್ಲಿ ಅವಳು ಹೆಂಗಸರ ಡಬ್ಬಿ ಹತ್ತುತ್ತಾಳೆ, ನಾನು ಯಾರದೋ ಬೆನ್ನಿನ ಚೀಲಕ್ಕೆ ಮುಖ ಒತ್ತಿಕೊಂಡು ನಿಲ್ಲುತ್ತೇನೆ. ಮನೆಯಲ್ಲಾದರೆ ಟಿ.ವಿ., ಕುಕ್ಕರ್, ನಮ್ಮಮ್ಮನ ಫೋನು. ಮದುವೆಯಾದಾಗಿನಿಂದ ನಮ್ಮಿಬ್ಬರ ಮಾತು ಅಂತ ನಡೆದಿರುವುದು ಆ ಗಾಡಿಯ ಮೇಲೆಯೇ. ಅವಳು ನನ್ನ ಬಲಭುಜದ ಮೇಲೆ ಗಲ್ಲ ಊರಿ ಹೆಲ್ಮೆಟ್ಟಿನ ಸಂದಿಯಲ್ಲಿ ಮಾತಾಡುತ್ತಾಳೆ; ಅರ್ಧ ಗಾಳಿಗೆ ಹೋಗುತ್ತದೆ, ಉಳಿದರ್ಧಕ್ಕೆ ನಾನು ಹೂಂಗುಟ್ಟುತ್ತೇನೆ. ಸೈಟು ಕೊಳ್ಳುವುದು ಬೇಡ ಎಂದು ನಿರ್ಧರಿಸಿದ್ದು ಅದರ ಮೇಲೆ. ಅವಳಪ್ಪ ತೀರಿಕೊಂಡಾಗ ಅವಳು ನಿಜವಾಗಿ ಅತ್ತದ್ದು ಅದರ ಮೇಲೆ, ನನಗೆ ಹಿಂತಿರುಗಿ ನೋಡಲು ಆಗದು ಎಂಬ ಧೈರ್ಯದಿಂದ. ಆ ಸೀಟು ಖಾಲಿಯಾದರೆ ನನಗೆ ಗಾಡಿಯೇ ಬೇಡ. ಇದನ್ನು ಅವಳ ಮುಂದೆ ಹೇಳುವ ಬದಲು, ಗಂಡಸರೆಲ್ಲ ಮಾಡುವ ಹಾಗೆ, ನಾನು ಸ್ಪೇರ್ ಪಾರ್ಟ್ ಹುಡುಕಲು ಹೊರಟೆ.

ಫೋನಿನಲ್ಲಿ ವಿಡಿಯೋ ನೋಡುತ್ತ ನೋಡುತ್ತ ಆಯಿಲ್ ಕೂಲರ್ ಎಂಬ ವಸ್ತು ಕಣ್ಣಿಗೆ ಬಿತ್ತು. ಅದನ್ನು ಕಂಡ ಕ್ಷಣದಿಂದ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎಷ್ಟು ಸರಳ! ಇಂಜಿನ್ನಿನೊಳಗೆ ಓಡಾಡುವ ಬಿಸಿ ಎಣ್ಣೆಯನ್ನು ಒಂದು ಪೈಪಿನಲ್ಲಿ ಹೊರಗೆ ತರುವುದು, ಮುಂದಿನ ಚಕ್ರದ ಹಿಂದೆ ಕೂರಿಸಿದ ಪುಟ್ಟ ಜಾಲರಿಯೊಳಗೆ ಹರಿಸುವುದು, ಅಲ್ಲಿ ಗಾಳಿ ತಾಗಿ ಎಣ್ಣೆ ಆರುವುದು, ಇನ್ನೊಂದು ಪೈಪಿನಲ್ಲಿ ಮತ್ತೆ ಇಂಜಿನ್ನಿಗೆ ಕಳಿಸುವುದು. ಇದನ್ನು ಅರ್ಥ ಮಾಡಿಕೊಂಡ ಸಂತೋಷವನ್ನು ಒಬ್ಬನೇ ಇಟ್ಟುಕೊಳ್ಳಲಾಗದೆ ಊಟಕ್ಕೆ ಕುಳಿತಾಗ ಮನೆಯವರಿಗೆ ವಿವರಿಸಿದೆ. ಮೊದಲ ದಿನ ಬಾಯಲ್ಲಿ ವಿವರಿಸಿದೆ. ಎರಡನೆಯ ದಿನ ಹಪ್ಪಳಗಳನ್ನು ಅನ್ನದಲ್ಲಿ ಸಾಲಾಗಿ ನೆಟ್ಟು, ಅವೇ ಜಾಲರಿಯ ರೆಕ್ಕೆಗಳೆಂದು ಹೇಳಿ, ಸಾರು ಹರಿಸಿ, ಖಾಲಿ ತಟ್ಟೆಯಿಂದ ಗಾಳಿ ಬೀಸಿ ತೋರಿಸಿದೆ. ಅಮ್ಮ ಸೆರಗಿನ ಮೇಲೆ ಬಿದ್ದ ಸಾರು ಒರೆಸಿಕೊಂಡು, "ಅಲ್ಲ ಕಣೋ ಮಾದೇವ, ಬಿಸಿ ಆರ್ಸೋದಕ್ಕೆ ಇಷ್ಟೆಲ್ಲ ಯಾಕೆ?" ಎಂದರು. "ಕಾಫಿನ ಲೋಟದಿಂದ ಬಟ್ಟಲಿಗೆ ಎತ್ತಿ ಸುರೀತೀರಲ್ಲಮ್ಮ, ಅದೇ ಇದು" ಎಂದೆ. "ಹಂಗಂತ ಹೇಳ್ಬಾರ್ದಾ ಮೊದ್ಲೇ, ಹಪ್ಪಳ ಮೆತ್ತಗಾಯ್ತು" ಎಂದರು ಅಮ್ಮ. ಗಿರಿಜಾ ಬೇರೇನೋ ಮಾತು ಹೇಳುತ್ತ ಮಜ್ಜಿಗೆ ಬಡಿಸಿದಳು. ಅವಳು ಕೇಳಿಸಿಕೊಳ್ಳಲಿಲ್ಲವೆಂದು ತಿಳಿದು ನಾನು ಮೂರನೆಯ ದಿನ ಮೊದಲಿನಿಂದ ಶುರು ಮಾಡಿದೆ. "ಗಾಳಿ ಮುಂದಿನಿಂದ ಬರಬೇಕು, ಸಂದಿಯಲ್ಲಿ ನುಗ್ಗಬೇಕು, ಹಿಂದಿನಿಂದ ಹೋಗಬೇಕು, ಇಷ್ಟೇ ಸೂತ್ರ" ಎಂಬ ಮಾತಿನಿಂದ ಪ್ರತಿ ಊಟವೂ ಮುಗಿಯುತ್ತಿತ್ತು. ಕಚೇರಿಯಲ್ಲಿ ಪಾಲಿಸಿ ಮಾಡಿಸಲು ಬಂದ ಒಬ್ಬರಿಗೂ ಹೇಳಿದೆ. ಅವರು ಪಾಲಿಸಿ ಮಾಡಿಸದೆ ಹೋದರು.

ಇನ್ನು ಹಾಕುವವರು ಬೇಕಲ್ಲ. ನನ್ನ ಮೆಕ್ಯಾನಿಕ್ ಗೋಪಿಯ ಅಂಗಡಿ ಕಾಮಾಕ್ಷಿಪಾಳ್ಯದಲ್ಲಿದೆ. ಅವನ ಬಾಯಲ್ಲಿ ಆಗುವುದಿಲ್ಲ ಎಂಬ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಗಾಡಿಗೆ ರೆಕ್ಕೆ ಕಟ್ಟಿ ಹಾರಿಸಬೇಕು ಎಂದರೂ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ತೆಗೆಯುತ್ತ "ಮಾಡ್ಬಿಡಣ ಸಾರ್" ಎನ್ನುತ್ತಾನೆ.

"ಗೋಪಿ, ಇದಕ್ಕೆ ಆಯಿಲ್ ಕೂಲರ್ ಹಾಕಕ್ಕಾಗುತ್ತಾ?"

"ಮಾಡ್ಬಿಡಣ ಸಾರ್."

"ಮುಂಚೆ ಯಾವ ಗಾಡಿಗಾದ್ರೂ ಹಾಕಿದೀಯಾ?"

"ಇಲ್ಲ ಸಾರ್, ನೀವೇ ಫಸ್ಟು. ಅದಕ್ಕೇ ಖುಷಿ ಆಗ್ತಾ ಇರೋದು!"

ಈ ಉತ್ತರ ಕೇಳಿ ಬುದ್ಧಿಯಿರುವವನು ಗಾಡಿ ತಿರುಗಿಸಿಕೊಂಡು ಬರಬೇಕಿತ್ತು. ನನಗೂ ಖುಷಿಯಾಯಿತು. ಇಬ್ಬರೂ ಅವನ ಅಂಗಡಿಯ ಟೈರಿನ ಮೇಲೆ ಕುಳಿತು, ತಲೆಗೆ ತಲೆ ತಾಗಿಸಿ, ವಿಡಿಯೋಗಳನ್ನೆಲ್ಲ ಮತ್ತೆ ನೋಡಿದೆವು. ಅವನು "ಓಹೋ" ಎಂದರೆ ನಾನು "ಆಹಾ" ಎಂದೆ. ಗುಜರಿಯಿಂದ ಯಾವುದೋ ದೊಡ್ಡ ಬೈಕಿನ ಕೂಲರ್ ಬಂತು. ಅಂಗೈಯಗಲದ್ದು, ಅಂಚಿನಲ್ಲಿ ಸ್ವಲ್ಪ ಸೊಟ್ಟಗಾಗಿದ್ದರೂ ಸಂದಿ ಸಂದಿಯಲ್ಲೂ ಬೆಳಕು ತೂರುವಂಥ ಚೆಂದದ ಜಾಲರಿ. ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಾಯಿಂದ ಊದಿ ನೋಡಿದೆ. ಆಚೆ ನಿಂತಿದ್ದ ಗೋಪಿಯ ಮುಖಕ್ಕೆ ಧೂಳೆಲ್ಲ ಹಾರಿತು. "ಸೂಪರ್ ಸಾರ್, ಏರ್ ಪಾಸಾಗ್ತಿದೆ" ಎಂದು ಕಣ್ಣು ಉಜ್ಜಿಕೊಂಡ.

ಇಂಜಿನ್ನಿಗೆ ಪೈಪು ಜೋಡಿಸುವ, ಎಣ್ಣೆ ಹರಿಯಲು ನಡುವೆ ತೂತಿರುವ ಬೋಲ್ಟು ಎಲ್ಲೂ ಸಿಗಲಿಲ್ಲ. ಪಕ್ಕದ ಬೀದಿಯ ಲೇತಿನಲ್ಲಿ ಕಡೆಸಿದೆವು. ಮೊದಲನೆಯದು ದಪ್ಪವಾಯಿತು, ಎರಡನೆಯದು ಸಣ್ಣದಾಯಿತು, ಮೂರನೆಯದು ಸರಿಯಾಗಿ ಕೂತಿತು. ಕೂತ ಸಂಭ್ರಮದಲ್ಲಿ ಗೋಪಿ ಅದರ ಕೆಳಗಿನ ತಾಮ್ರದ ವಾಷರನ್ನು ಹಾಕುವುದನ್ನೇ ಮರೆತ. ಮರುದಿನ ಬೆಳಿಗ್ಗೆ ನೋಡಿದರೆ ಮನೆಯ ಮುಂದೆ ಗಾಡಿಯ ಕೆಳಗೆಲ್ಲ ಎಣ್ಣೆಯ ಕಪ್ಪು ಹನಿಗಳು. ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. "ಚುಕ್ಕಿ ನಿನ್ ಗಾಡಿನೇ ಇಟ್ಟಿತ್ತು ಕಣಪ್ಪ, ನಾನು ಬರೀ ಗೆರೆ ಎಳೆದೆ" ಎಂದು ರಂಗೋಲಿ ಡಬ್ಬ ಒಳಗೆ ತೆಗೆದುಕೊಂಡು ಹೋದರು. ವಾಷರ್ ಹಾಕಿಸಿ, ಎಣ್ಣೆ ತುಂಬಿಸಿ, ನಾನೂ ಗೋಪಿಯೂ ಒಂದು ಸಾಯಂಕಾಲ ಅತ್ತಿಗುಪ್ಪೆಯ ಟ್ರಾಫಿಕ್ಕಿಗೆ ಬೇಕೆಂದೇ ಹೋಗಿ ಸಿಕ್ಕಿಹಾಕಿಕೊಂಡೆವು. ಎಲ್ಲರೂ ತಪ್ಪಿಸಿಕೊಳ್ಳಲು ಸಂದಿ ಹುಡುಕುತ್ತಿದ್ದರೆ ನಾವಿಬ್ಬರೂ ಹೆಚ್ಚು ಟ್ರಾಫಿಕ್ ಇರುವ ಕಡೆ ಹುಡುಕಿಕೊಂಡು ಹೋಗಿ ನಿಲ್ಲುತ್ತಿದ್ದೆವು. ಗಾಡಿ ನಿಲ್ಲಲಿಲ್ಲ. ಕಡಲೆಕಾಯಿ ಸದ್ದೂ ಇಲ್ಲ. ಗೋಪಿ ಹಿಂದಿನ ಸೀಟಿನಿಂದಲೇ ನನ್ನನ್ನು ತಬ್ಬಿಕೊಂಡ. ಪಕ್ಕದ ಆಟೋದವನು ನಮ್ಮನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡ.

ಗೃಹಪ್ರವೇಶದ ದಿನ ಬಂತು. ಗಿರಿಜಾ ಮಾತಿಗೆ ತಪ್ಪದೆ ರೇಷ್ಮೆ ಸೀರೆಯುಟ್ಟು ಬಾಗಿಲಿಗೆ ಬಂದಳು. ಅಮ್ಮ ಪಕ್ಕದ ಮನೆಯವರ ಜೊತೆ ಮೆಟ್ರೋದಲ್ಲಿ ಬರುವುದೆಂದು ಗೊತ್ತಾಗಿತ್ತು. ಹೊರಡಲು ಕಿಕ್ ಹೊಡೆಯಬೇಕು, ಅಷ್ಟರಲ್ಲಿ ಅಮ್ಮ ಪೂಜೆಯ ತಟ್ಟೆ ಹಿಡಿದುಕೊಂಡು ಬಂದರು. ನಮ್ಮ ಮನೆಯಲ್ಲಿ ಇದೊಂದು ಪದ್ಧತಿ. ಹೊಸದಾಗಿ ಬಂದ ಕಬ್ಬಿಣದ ವಸ್ತುವನ್ನು ಪೂಜೆ ಮಾಡದೆ ಬಿಡುವಂತಿಲ್ಲ. ಮಿಕ್ಸಿಗೆ ಆಗಿದೆ, ಇಸ್ತ್ರಿಪೆಟ್ಟಿಗೆಗೆ ಆಗಿದೆ, ಒಮ್ಮೆ ತುರಿಯುವ ಮಣೆಗೂ ಆಗಿದೆ. "ಹೊಸದಾಗಿ ಹಾಕ್ಸಿರೋದು ಯಾವುದಪ್ಪ, ತೋರ್ಸು" ಎಂದರು ಅಮ್ಮ.

ಯೋಚನೆ ಮಾಡಿ. ಒಂದು ತಿಂಗಳಿಂದ ಈ ಮನೆಯಲ್ಲಿ ಯಾರೂ ನನ್ನ ಕೂಲರನ್ನು ನೋಡಬೇಕೆಂದು ಕೇಳಿರಲಿಲ್ಲ. ಬಗ್ಗಿ, ಬೆರಳಿಟ್ಟು, "ಇದೇಮ್ಮ, ಇದೇ!" ಎಂದು ತೋರಿಸಿದೆ. ಅಮ್ಮ ವಿಭೂತಿಯನ್ನು ನೀರಿನಲ್ಲಿ ಕಲಸಿದರು. ಮೂರು ಬೆರಳು ಅದ್ದಿ, ಜಾಲರಿಯ ಈ ತುದಿಯಿಂದ ಆ ತುದಿಗೆ, ಭಕ್ತಿಯಿಂದ ಒತ್ತಿ ಎಳೆದರು. ನಾನು ಫೋನ್ ತೆಗೆದು ಫೋಟೋ ಹಿಡಿದೆ. ಬಂಧುಗಳ ಗ್ರೂಪಿಗೆ ಕಳಿಸಬೇಕಲ್ಲ. ನೋಡಿದರೆ ವಿಭೂತಿ ಸರಿಯಾಗಿ ಕಾಣುತ್ತಿರಲಿಲ್ಲ. ಅರ್ಧ ಸಂದಿಯೊಳಕ್ಕೆ ಇಳಿದುಬಿಟ್ಟಿತ್ತು. "ಇನ್ನೊಂದು ಸ್ವಲ್ಪ ದಪ್ಪಗೆ ಹಚ್ಚಿಮ್ಮ, ಫೋಟೋದಲ್ಲಿ ಬರ್ತಿಲ್ಲ" ಎಂದೆ. ಹೌದು, ನಾನೇ ಎಂದೆ. ಅಮ್ಮ ಸಂತೋಷದಿಂದ ತಟ್ಟೆಯಲ್ಲಿದ್ದದ್ದನ್ನೆಲ್ಲ ಬಳಿದರು. ಮೇಲೆ ಗಂಧ, ಅದರ ಮೇಲೆ ಕುಂಕುಮ. ಆಮೇಲೆ ಸೇವಂತಿಗೆಯ ಹಾರ ಬಂತು, ನನ್ನ ತೋಳಿನಷ್ಟು ದಪ್ಪದ್ದು. ಅದನ್ನು ಹ್ಯಾಂಡಲ್ಲಿಗೆ ಹಾಕಿದರೆ ಕೂಲರ್ ಬೋಳಾಗಿ ಕಾಣುತ್ತದೆಂದು ಅನಿಸಿ, ನಾನೇ ಕೈಯಾರೆ ಕೂಲರಿನ ಮುಂದೆ ಅಡ್ಡಡ್ಡಲಾಗಿ ಸುತ್ತಿ, ಇಂಜಿನ್ನಿನ ಇಕ್ಕೆಲಕ್ಕೂ ತಂದು, ಗಟ್ಟಿಯಾಗಿ ಗಂಟು ಹಾಕಿದೆ. ಗಿರಿಜಾ ಏನೋ ಹೇಳಲು ಬಾಯಿ ತೆರೆದಳು. "ಒಂದ್ನಿಮಿಷ ಇರೆ, ಫೋಟೋ" ಎಂದೆ.

ಚಕ್ರದ ಕೆಳಗೆ ನಿಂಬೆಹಣ್ಣು ಪಟ್ ಎಂದಿತು. ಹೊರಟೆವು. ವಿಜಯನಗರ ದಾಟುವಾಗ ನಾನು ಚಕ್ರವರ್ತಿ. ಗಿರಿಜಾ ಭುಜದ ಮೇಲೆ ಗಲ್ಲ ಊರಿ ಏನೋ ಹೇಳುತ್ತಿದ್ದಳು. ನಾನು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದರಿಂದ ಅವಳಿಗೆ ಬರಿಯ ಹೂಂ ಕೊಡುತ್ತಿದ್ದೆ. ಚಂದ್ರಾ ಲೇಔಟಿನ ಹತ್ತಿರ ಒಂದು ಪರಿಮಳ ಬಂತು. ಯಾರೋ ಯಾವುದೋ ಸೊಪ್ಪು ಹುರಿದು ಪಲ್ಯ ಮಾಡುತ್ತಿದ್ದಾರೆ ಎಂದುಕೊಂಡೆ. ಸ್ವಲ್ಪ ಮುಂದೆ ಹೋದರೂ ಪಲ್ಯದ ವಾಸನೆ ನಮ್ಮ ಜೊತೆಯಲ್ಲೇ ಬಂತು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ, ಮೈಸೂರು ರೋಡಿನ ಗಾಡಿಗಳೆಲ್ಲ ಒಟ್ಟಾಗಿ ನಿಂತಿರುವ ಕಡೆ, ಇಂಜಿನ್ನಿನೊಳಗೆ ಮೆಲ್ಲಗೆ ಕಡಲೆಕಾಯಿ ಒಡೆಯತೊಡಗಿತು. ಆಮೇಲೆ ಮೌನ. ಕೂಲರ್ ಇಲ್ಲದಿದ್ದಾಗಲೂ ಇಷ್ಟು ಬೇಗ ನಿಂತದ್ದಿರಲಿಲ್ಲ.

ಗಾಡಿಯನ್ನು ಮೆಟ್ರೋ ಕಂಬದ ನೆರಳಿಗೆ ತಳ್ಳಿದೆ. ಗಿರಿಜಾ ಕಂಬದ ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಕುಳಿತಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಆ ಸೀಟು ಇನ್ನು ನನ್ನ ಪಾಲಿಗೆ ಖಾಲಿ ಎಂದುಕೊಂಡೆ. ಬಗ್ಗಿ ಬೋಲ್ಟು ಮುಟ್ಟಿದೆ, ಕೈ ಸುಟ್ಟಿತು. ಪೈಪು ಮುಟ್ಟಿದೆ, ಇನ್ನೊಂದು ಕೈಯೂ ಸುಟ್ಟಿತು. ಅಷ್ಟರಲ್ಲಿ ಒಬ್ಬರು ಬಂದು ನಿಂತರು. ಸೊಂಟದ ಮೇಲೆ ಕೈಯಿಟ್ಟರು. ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿದರು. "ಪೆಟ್ರೋಲ್ ಇದೆಯಾ ಸಾರ್?" ಎಂದರು. ಅವರನ್ನು ಹೊಡೆಯಬೇಕೆನಿಸಿತು, ಆದರೆ ಕನ್ನಡಿಯಲ್ಲಿ ಕಾಣುವವನಿಗೆ ಹೊಡೆದು ಪ್ರಯೋಜನವೇನು? "ಇದೆ ಸಾರ್" ಎಂದೆ. "ಪ್ಲಗ್ ಇರ್ಬೇಕು" ಎಂದು ಹೇಳಿ ಹೋದರು.

ಗೋಪಿಗೆ ವಿಡಿಯೋ ಕಾಲ್ ಮಾಡಿದೆ. ಪೈಪು, ಬೋಲ್ಟು, ವಾಷರ್ ಎಲ್ಲವನ್ನೂ ಒಂದೊಂದಾಗಿ ತೋರಿಸಿದೆ. "ಎಲ್ಲಾ ಪಕ್ಕಾ ಇದೆ ಸಾರ್. ಕೂಲರ್ ತೋರ್ಸಿ" ಎಂದ. ತೋರಿಸಿದೆ. "ಹೂವು ಚೆನ್ನಾಗಿದೆ ಸಾರ್, ಎಲ್ಲಿ ತಗೊಂಡ್ರಿ?" ಎಂದ. ಅಷ್ಟರಲ್ಲಿ ಅಮ್ಮನ ಫೋನ್ ಬಂತು.

"ಎಲ್ಲಿದೀರೋ ಮಾದೇವ? ನಾವು ನಾಯಂಡಹಳ್ಳೀಲಿದೀವಿ, ರೈಲು ನಿಂತಿದೆ."

"ನಾವೂ ಅಲ್ಲೇ ಇದೀವಮ್ಮ."

"ಎಲ್ಲಿ? ಯಾವ ಡಬ್ಬಿ?"

"ಕೆಳಗೆ, ಕಂಬದ ಹತ್ರ."

ತಲೆಯ ಮೇಲೆ ರೈಲು ಸದ್ದು ಮಾಡುತ್ತ ಹೊರಟಿತು. "ಕಾಣ್ತಿಲ್ಲವಲ್ಲೋ... ಆದ್ರೂ ಪೂಜೆ ಮಾಡಿದ್ದು ಒಳ್ಳೇದಾಯ್ತು ನೋಡು, ಎಷ್ಟು ಬೇಗ ಬಂದ್ಬಿಟ್ರಿ!" ಎನ್ನುತ್ತ ಅಮ್ಮ ಕೆಂಗೇರಿಯ ಕಡೆ ಹೋದರು.

ಆಗ ಗಿರಿಜಾ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಹಾರವನ್ನು ಎರಡು ಬೆರಳಿನಿಂದ ಎತ್ತಿ ನೋಡಿದಳು. ಹಿಂಬದಿಯ ಹೂವೆಲ್ಲ ಬೆಂದು ಕಂದಾಗಿತ್ತು. ಅದರ ಹಿಂದೆ ನನ್ನ ಚೆಂದದ ಜಾಲರಿ ಸುಣ್ಣ ಬಳಿದ ಗೋಡೆಯಾಗಿತ್ತು. ವಿಭೂತಿ, ಗಂಧ, ಕುಂಕುಮ ಮೂರೂ ಇಂಜಿನ್ನಿನ ಕಾವಿಗೆ ಒಣಗಿ ಒಂದು ಸಂದಿಯನ್ನೂ ಬಿಡದೆ ಗಟ್ಟಿಯಾಗಿ ಕೂತಿದ್ದವು. ಸೂಜಿ ತೂರಲೂ ಜಾಗವಿರಲಿಲ್ಲ.

"ರೀ" ಎಂದಳು ಗಿರಿಜಾ, ನನ್ನದೇ ಧ್ವನಿಯಲ್ಲಿ. "ಗಾಳಿ ಮುಂದಿನಿಂದ ಬರ್ಬೇಕು, ಸಂದೀಲಿ ನುಗ್ಬೇಕು, ಹಿಂದಿನಿಂದ ಹೋಗ್ಬೇಕು. ಇಷ್ಟೇ ಸೂತ್ರ."

ಹಾಗೆಂದು ಒಂದೊಂದೇ ಪೈಪಿನ ಕಡೆ ಬೆರಳು ತೋರಿಸಿದಳು.

"ಬಿಸಿ ಎಣ್ಣೆ ಈ ಪೈಪಲ್ಲಿ ಬರುತ್ತೆ, ಇಲ್ಲಿ ಆರುತ್ತೆ, ಆ ಪೈಪಲ್ಲಿ ಹೋಗುತ್ತೆ. ಒಂದ್ ತಿಂಗಳು ಹಪ್ಪಳ ನೆಟ್ಟು ತೋರ್ಸಿದ್ರಲ್ಲ! ಬೆಳಿಗ್ಗೆ ಹೇಳೋಣ ಅಂತ ಬಾಯಿ ತೆಗೆದ್ರೆ, 'ಒಂದ್ನಿಮಿಷ ಇರೆ, ಫೋಟೋ'!"

ಸೀರೆಯ ಪಿನ್ನು ತೆಗೆದು ಕೆರೆಯತೊಡಗಿದಳು. ಇಂಜಿನ್ ಆರುತ್ತಿದ್ದಂತೆ ನಾನೂ ಗಾಡಿಯ ಕೀಲಿಯಿಂದ ಇನ್ನೊಂದು ತುದಿಯಿಂದ ಕೆರೆದೆ. ಬಾಟಲಿಯ ನೀರು ಚಿಮುಕಿಸಿ ತೊಳೆದೆವು. ವಿಭೂತಿಯ ನೀರು ತೊಟ್ಟಿಕ್ಕಿ, ಒಂದೊಂದೇ ಸಂದಿಯಲ್ಲಿ ಮತ್ತೆ ಬೆಳಕು ಕಂಡಿತು. ನಾಯಂಡಹಳ್ಳಿ ಜಂಕ್ಷನ್ನಿನ ನಡುವೆ ಗಂಡ ಹೆಂಡತಿ ಎದುರುಬದುರು ಕುಕ್ಕರಿಸಿ ಒಂದು ಜಾಲರಿ ಕೆರೆಯುತ್ತಿರುವುದನ್ನು ನೋಡಿದವರು ಏನೆಂದುಕೊಂಡರೋ. ನನಗಂತೂ ಬಹಳ ದಿನಗಳಿಂದ ಅಷ್ಟು ಸಂತೋಷವಾಗಿರಲಿಲ್ಲ. ಕಿಕ್ ಹೊಡೆದೆ. ಸ್ಟಾರ್ಟ್ ಆಯಿತು.

ಹಾರದ ಪ್ರಶ್ನೆ ಉಳಿಯಿತು. "ದೇವರ ಹೂವು, ರಸ್ತೆಗೆ ಹಾಕ್ಬಾರ್ದು" ಎಂದಳು ಗಿರಿಜಾ. ಅವಳ ಚೀಲದಲ್ಲಿ ಉಡುಗೊರೆ ತುಂಬಿತ್ತು. ಗಾಡಿಗೆ ಕಟ್ಟುವ ಹಾಗಿಲ್ಲ. ಕೊನೆಗೆ ಬೆಂದ ಭಾಗವನ್ನು ಒಳಗೆ ಮಾಡಿ ನನ್ನ ಕೊರಳಿಗೆ ಹಾಕಿದಳು. ಹಾಗೆಯೇ ಮೈಸೂರು ರೋಡಿನುದ್ದಕ್ಕೂ ಹೋದೆವು. ಸಿಗ್ನಲ್ಲಿನಲ್ಲಿ ಇಬ್ಬರು ಹುಡುಗರು, "ಗೆದ್ರಾ ಅಣ್ಣ?" ಎಂದು ಕೇಳಿದರು. "ಇನ್ನೂ ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಗಾಡಿ ನಿಂತದ್ದಂತೂ ಹೌದು, ಷರತ್ತು ಷರತ್ತೇ. ಗಿರಿಜಾ ಆ ಬಗ್ಗೆ ಚಕಾರವೆತ್ತಿರಲಿಲ್ಲ.

ಗೃಹಪ್ರವೇಶದ ಮನೆಯಲ್ಲಿ ಕೊರಳಲ್ಲಿ ಹಾರ ಹಾಕಿಕೊಂಡು ಬಂದವನನ್ನು ಕಂಡು ವಾಲಗದವರು ಎದ್ದು ಊದಿದರು. ನನ್ನ ಷಡ್ಡಕ, ಎಂದರೆ ಗಿರಿಜಾಳ ಅಕ್ಕನ ಗಂಡ, ಹೊಸ ಮನೆ ತೋರಿಸುವುದನ್ನು ಬಿಟ್ಟು ಹೊರಗೆ ಬಂದು ಕೂಲರ್ ನೋಡಿದರು. ನಾನು ಗಂಟಲು ಸರಿಮಾಡಿಕೊಂಡೆ. ಆದರೆ ಅಷ್ಟರಲ್ಲಿ ಗಿರಿಜಾ ಸುತ್ತ ನಿಂತ ಹೆಂಗಸರಿಗೆ ಬಿಸಿ ಎಣ್ಣೆ, ಪೈಪು, ಜಾಲರಿ, ಗಾಳಿ ಎಲ್ಲವನ್ನೂ ಹೇಳಿ ಮುಗಿಸಿದ್ದಳು. ನಾನು ಒಂದು ತಿಂಗಳು ಹೇಳಿದ್ದನ್ನು ಅವಳು ಒಂದು ಲೋಟ ಪಾನಕ ಮುಗಿಯುವುದರೊಳಗೆ ಹೇಳಿದಳು, ಹಪ್ಪಳವಿಲ್ಲದೆ. ಅಮ್ಮನಿಗೆ ಮಾತ್ರ ನಾಯಂಡಹಳ್ಳಿಯ ವಿಷಯ ಇಬ್ಬರೂ ಹೇಳಲಿಲ್ಲ.

ಸಾಯಂಕಾಲ ಹೊರಡುವ ಹೊತ್ತು. ಷಡ್ಡಕರ ಮಗ ತನ್ನ ಕಾರು ತಂದು ನಿಲ್ಲಿಸಿ, "ಚಿಕ್ಕಮ್ಮ, ಬನ್ನಿ, ಅಜ್ಜಿ ಜೊತೆ ನಿಮ್ಮನ್ನೂ ಬಿಡ್ತೀನಿ, ಎ.ಸಿ. ಇದೆ" ಎಂದ. ಅಮ್ಮ ಆಗಲೇ ಹತ್ತಿ ಕುಳಿತಿದ್ದರು. ನಾನು ಗಾಡಿಯ ಪಕ್ಕ ನಿಂತು ಒರೆಸಿದ ಕನ್ನಡಿಯನ್ನೇ ಮತ್ತೆ ಮತ್ತೆ ಒರೆಸಿದೆ. ಗಿರಿಜಾ ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ನಡೆದು ಬಂದು, ಸೆರಗು ಸಿಕ್ಕಿಸಿ, ಗಾಡಿ ಹತ್ತಿ ಕುಳಿತಳು. "ಬೆಳಿಗ್ಗೆ ನಿಂತಿದ್ದು ಗಾಡಿ ತಪ್ಪಲ್ಲ, ನಿಮ್ಮ ತಪ್ಪು. ಲೆಕ್ಕಕ್ಕಿಲ್ಲ. ಹೂಂ, ನಡೀರಿ" ಎಂದಳು.

ಆ ಕ್ಷಣ ನನಗೆ ಹಾರಿಹೋಗುವಷ್ಟು ಹಗುರವಾಯಿತು. ಕೆಂಗೇರಿ ದಾಟಿದೆವು. ಸಂಜೆಯ ತಂಪು ಗಾಳಿ ಸಂದಿ ಸಂದಿಯಲ್ಲೂ ನುಗ್ಗುತ್ತಿತ್ತು. ಭುಜದ ಮೇಲೆ ಗಲ್ಲ ಬಂದು ಕೂತಿತು. ಆನಂದ ತಡೆಯಲಾರದೆ, "ಗಿರಿಜಾ, ಈ ಎಣ್ಣೆ ಇದೆಯಲ್ಲ, ಇದು..." ಎಂದು ಶುರು ಮಾಡಿದೆ.

"ಗೊತ್ತು. ನೀವು ಹೇಳಿದ್ದನ್ನೆಲ್ಲ ನಾನು ಪಾಠದ ಹಾಗೆ ಒಪ್ಸಿ ಆಯ್ತು. ಈಗ ನಿಮ್ಮ ಸರದಿ. ಈ ಒಂದ್ ತಿಂಗಳಲ್ಲಿ ನಾನು ನಿಮಗೆ ಏನೇನು ಹೇಳ್ದೆ, ಹೇಳಿ ನೋಡೋಣ. ಎಲ್ಲಾ ಬೇಡ, ಒಂದು ಹೇಳಿ ಸಾಕು."

ನಾನು ಯೋಚಿಸಿದೆ. "ಗ್ಯಾಸ್ ಬುಕ್ ಮಾಡಿ ಅಂದೆ."

"ಅದು ಪ್ರತಿ ತಿಂಗಳೂ ಹೇಳೋದು. ಬೇರೆ?"

"ಅಕ್ಕನ ಮನೆ ಗೃಹಪ್ರವೇಶ ಇದೆ ಅಂದೆ."

"ಹೋಗಿ ಬರ್ತಾ ಇದೀವಿ. ಬೇರೆ?"

ಬೇರೆ ಏನು? ಅವಳು ಮಜ್ಜಿಗೆ ಬಡಿಸುತ್ತ ಏನೋ ಹೇಳುತ್ತಿದ್ದಳು, ಅದು ನೆನಪಿದೆ. ನಾನು ಹಪ್ಪಳ ನೆಡುತ್ತಿದ್ದೆ. ಇವತ್ತು ಬೆಳಿಗ್ಗೆ ವಿಜಯನಗರದುದ್ದಕ್ಕೂ ಹೇಳಿದಳು. ನಾನು ಹೂಂ ಎಂದಿದ್ದೆ. ಯಾವುದಕ್ಕೆ ಹೂಂ ಎಂದೆನೋ ದೇವರಿಗೇ ಗೊತ್ತು. ನಾಯಂಡಹಳ್ಳಿ ಸಿಗ್ನಲ್ ಕೆಂಪಾಯಿತು. ಮುಂದೆ ಬಸ್ಸು, ಹಿಂದೆ ಲಾರಿ, ಎರಡು ಪಕ್ಕಕ್ಕೂ ಆಟೋ. ಇಂಜಿನ್ ಕೊಡದಲ್ಲಿಟ್ಟ ನೀರಿನ ಹಾಗೆ ತಣ್ಣಗಿತ್ತು. ಹೆಲ್ಮೆಟ್ಟಿನೊಳಗೆ ನನ್ನ ತಲೆ ಮಾತ್ರ ಕಾಯತೊಡಗಿತು. ಕಿವಿಯ ಪಕ್ಕದಲ್ಲಿ ಬೆವರು ಇಳಿಯಿತು. ಇದೊಂದು ಸಲ, ಒಂದೇ ಒಂದು ಸಲ, ಗಾಡಿ ನಿಂತುಹೋಗಲಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಸಿಗ್ನಲ್ ಹಸಿರಾಯಿತು. ಹಾಳಾದ್ದು, ಒಂದು ಚೂರೂ ತೊದಲದೆ ಹೊರಟಿತು.

"ಹೇಳಿ, ಹೇಳಿ" ಎಂದಳು ಗಿರಿಜಾ ಹಿಂದಿನಿಂದ, "ಬಸವೇಶ್ವರನಗರ ಇನ್ನೂ ದೂರ ಇದೆ."